ಗಾಸ್ಪಾರ್ ಎಳೆದ ಗೆರೆ

ನನಗೆ ಸುಮ್ಮನೆ ಕೂರೋಕೆ ಬರೋದಿಲ್ಲ ಅಂತ ನನ್ನ ಗಂಡ ಗಾಸ್ಪಾರ್ ಮದುವೆಯಾದ ದಿನದಿಂದ ಹೇಳ್ತಾ ಬಂದಿದ್ದಾನೆ. ನಿಜವೇ. ಆದರೆ ಈ ಚಳಿಗಾಲ ಸುಮ್ಮನಿರದೆ ಹೋದದ್ದು ಅವನ ಕೈ. ಊಟಕ್ಕೆ ಕೂತಾಗ ಬ್ರೆಡ್ಡಿನ ಪಕ್ಕ ಇಟ್ಟ ಬಲಗೈ ತನ್ನಷ್ಟಕ್ಕೆ ತಾನೇ ನಡುಗೋದು. ನಾನು ನೋಡಿದೆ ಅಂದ ತಕ್ಷಣ ಮಡಿಲಿಗೆ ಎಳ್ಕೊಳ್ಳೋನು.

"ಡಾಕ್ಟರ ಹತ್ರ ಹೋಗೋಣ ಬಾರೋ."

"ಸರೋವರದ ಮಂಜುಗಡ್ಡೆ ಕರಗಲಿ, ನೋಡೋಣ."

ನಾವಿಬ್ಬರೂ ಒಂದೇ ಕಾರ್ಖಾನೆ, ಅಕ್ಕಪಕ್ಕದ ಮೇಜು. ನಾವು ಮಾಡೋದು ಉಕ್ಕಿನ ಕೈಗಡಿಯಾರ. ಪಟ್ಟಿ ಬೇರೆ, ಗಡಿಯಾರ ಬೇರೆ ಅಲ್ಲ, ಎರಡೂ ಒಂದೇ ಮೈ. ಗಾಜಿನ ಪಕ್ಕದಿಂದ ಹೊರಟ ಕೂದಲೆಳೆಯಂಥ ಗೆರೆಗಳು ಕೊಂಡಿಯಿಂದ ಕೊಂಡಿಗೆ ಎಲ್ಲೂ ತಪ್ಪದೆ, ಪಟ್ಟಿ ಕೂಡಿಸೋ ತುದಿಯ ಬೀಗದವರೆಗೂ ಹೋಗಬೇಕು. ಮರದ ಕಡ್ಡಿಗೆ ಸುತ್ತಿದ ಉಜ್ಜುಕಾಗದದಲ್ಲಿ ಆ ಗೆರೆ ಎಳೆಯೋದು ಗಾಸ್ಪಾರ್. ಅಂಚಿಗೆ ಕನ್ನಡಿ ಹೊಳಪು ಕೊಡೋದು ನಾನು. ಒಂದು ಪಟ್ಟಿಯ ಗೆರೆಗೆ ಒಂದೇ ಕೈ, ಇದು ನಮ್ಮಲ್ಲಿ ಕಾನೂನು. ಅರ್ಧ ಎಳೆದವನು ಜ್ವರ ಬಂದು ಮಲಗಿದರೂ ಪಟ್ಟಿ ಅವನಿಗಾಗಿ ಡ್ರಾಯರಿನಲ್ಲಿ ಕಾಯಬೇಕು. ಇನ್ನೊಬ್ಬರು ಮುಟ್ಟುವಂತಿಲ್ಲ.

"ಬಂಗಾರವಾದ್ರೂ ಆಗಿದ್ರೆ ಸರಿ, ಬರೀ ಉಕ್ಕಿಗೆ ವರ್ಷಗಟ್ಟಲೆ ಕಾಯ್ತಾರಲ್ಲ, ಜನಕ್ಕೆ ತಲೆ ಕೆಟ್ಟಿದೆ," ಅಂತ ಗಡಿಯಾಚೆ ಫ್ರಾನ್ಸಿನಿಂದ ದಿನಾ ಕೆಲಸಕ್ಕೆ ಬರುವ ರೆಮಿ ಹೇಳ್ತಿರ್ತಾನೆ.

"ಆ ತಲೆಕೆಟ್ಟವರಿಂದಲೇ ನಿನ್ನ ಹೊಟ್ಟೆ ತುಂಬ್ತಿರೋದು. ಬಾಯಿ ಮುಚ್ಕೊಂಡು ಕೆಲಸ ಮಾಡು," ಅಂತೀನಿ ನಾನು.

ಕ್ರಿಸ್‌ಮಸ್ ಹಬ್ಬಕ್ಕೆ ಕಾರ್ಖಾನೆಯಲ್ಲಿ ಕೊಟ್ಟ ಊಟದಲ್ಲಿ ನಮ್ಮ ಮೇಲ್ವಿಚಾರಕಿ ಬ್ಲಾಂದೀನ್ ಆ ಕೈ ನೋಡಿಬಿಟ್ಟಳು. ಅವಳು ಕೆಟ್ಟವಳಲ್ಲ, ಆದರೆ ಕಣ್ಣು ಹದ್ದಿನದು. "ಹೊಸ ವರ್ಷದಲ್ಲಿ ಒಂದು ಗೆರೆ ಸೊಟ್ಟ ಬಂದ್ರೂ ನಿನ್ನನ್ನ ಪೆಟ್ಟಿಗೆ ಕಟ್ಟೋ ವಿಭಾಗಕ್ಕೆ ಹಾಕಬೇಕಾಗುತ್ತೆ ಗಾಸ್ಪಾರ್, ಬೇಜಾರು ಮಾಡ್ಕೋಬೇಡ," ಅಂದಳು, ನಮ್ಮಿಬ್ಬರಿಗೆ ಮಾತ್ರ ಕೇಳೋ ಹಾಗೆ. ಹರೆಯದಿಂದ ಗೆರೆ ಎಳೆದವನು ಇನ್ನು ರಿಬ್ಬನ್ ಕಟ್ಟಬೇಕಂತೆ! ನಾನು ಚಮಚ ಮೇಜಿಗೆ ಕುಕ್ಕಿದೆ. ಅವನು ಮಾತ್ರ ಚೀಸ್ ತಿಂತಾ ಕೂತಿದ್ದ.

ರಜೆ ಮುಗಿದು ಮೊದಲ ಪಟ್ಟಿ ಅವನ ಕೈಗೆ ಬಂದ ದಿನ ನನಗೆ ಕೂತಲ್ಲಿ ಕೂರೋಕಾಗಲಿಲ್ಲ. ನೀರಿಗೆ ಏಳೋದು, ಕಿಟಕಿ ಮುಚ್ಚೋದು, ಮತ್ತೆ ತೆಗೆಯೋದು.

"ಏನಮ್ಮ ಲ್ಯುಸೆತ್, ಕುರ್ಚೀಲಿ ಮುಳ್ಳಿದೆಯಾ?" ಅಂದ ರೆಮಿ.

"ನಿನ್ನ ನಾಲಿಗೇಲಿದೆ, ಅದನ್ನ ಕಿತ್ಕೋ!"

ಗಾಸ್ಪಾರ್ ಪಟ್ಟಿ ಮುಗಿಸಿ ತಟ್ಟೆಯಲ್ಲಿಟ್ಟು, ಎಲ್ಲರ ಜೊತೆ ಕಾಫಿಗೆ ಹೋದ. ಮೇಜಲ್ಲೇ ಉಳಿದ ನನಗೆ ಗಾಜಿನ ಬಾಗಿಲಾಚೆ ಕಾಣ್ತಿತ್ತು. ಲೋಟ ಎಡಗೈಯಲ್ಲಿ, ಬಲಗೈ ಪ್ಯಾಂಟಿನ ಪಕ್ಕ ನೇತಾಡ್ಕೊಂಡು ಗಡಗಡ ನಡುಗ್ತಿತ್ತು. ನನಗೆ ಅಷ್ಟೇ ಸಾಕಾಯಿತು. ಈ ಕೈ ಎಳೆದ ಗೆರೆ ನೆಟ್ಟಗಿರೋಕೆ ಸಾಧ್ಯವೇ? ಭೂತಗನ್ನಡಿ ಹಾಕಿ ನೋಡಲೂ ಇಲ್ಲ ನಾನು. ಅವನ ಕಾಗದ ಎತ್ತಿಕೊಂಡೆ. ಕಣ್ಣು ಬಾಗಿಲ ಮೇಲೆ, ಕೈ ಉಕ್ಕಿನ ಮೇಲೆ. ಬೀಗದ ಹತ್ತಿರದ ಕೊಂಡಿಗಳನ್ನೆಲ್ಲ ಹೊಸದಾಗಿ ಎಳೆದಿಟ್ಟು, ಅವರು ಬರೋದರೊಳಗೆ ನನ್ನ ಜಾಗದಲ್ಲಿ ಕೂತೆ.

ಮಧ್ಯಾಹ್ನ ಬ್ಲಾಂದೀನ್ ಆ ಪಟ್ಟಿ ಹಿಡಿದುಕೊಂಡು ನೇರ ನಮ್ಮ ಮೇಜಿಗೇ ಬಂದಳು. ದೀಪದ ಕೆಳಗೆ ಓರೆ ಮಾಡಿ ಹಿಡಿದಳು.

"ಶುರುವಿಂದ ದಾರ ಹಿಡಿದ ಹಾಗಿದೆ. ಬೀಗದ ಹತ್ರ ವಾಲಿದೆ. ಏನಿದು ಗಾಸ್ಪಾರ್?"

ಅವನು ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ ನೋಡಿದ. ಬಹಳ ಹೊತ್ತು ನೋಡಿದ. ಅದು ಯಾರ ಕೈ ಅಂತ ಅವನಿಗೆ ಗೊತ್ತಾಯಿತು. ನನ್ನ ಕಡೆ ಮಾತ್ರ ತಿರುಗಲಿಲ್ಲ.

"ನನ್ನದೇ," ಅಂದ. "ಕೈ ನಡುಗಿರಬೇಕು."

"ಸುಳ್ಳು!" ಅಂತ ಕಿರುಚಿದೆ. "ಅದು ನಾನು! ಅವನ ಕೈ ನಡುಗುತ್ತಲ್ಲ, ಹಾಳಾಗಿರುತ್ತೆ ಅಂತ ನಾನೇ ಮತ್ತೆ ಎಳೆದೆ!"

ಕೋಣೆಯಲ್ಲಿ ಎಲ್ಲರೂ ಕೆಲಸ ನಿಲ್ಲಿಸಿದರು. ಇಷ್ಟು ದಿನ ಗಾಸ್ಪಾರ್ ಬಚ್ಚಿಟ್ಟದ್ದನ್ನ ನಾನು ಊರಿಗೆಲ್ಲ ಸಾರಿದ್ದೆ.

"ಊಟಕ್ಕೆ ಕೂತಾಗ ನನ್ನ ಕೈ ನೋಡಿದೀಯ," ಅಂದ ಗಾಸ್ಪಾರ್ ಮೆಲ್ಲಗೆ. "ಉಕ್ಕಿನ ಮೇಲಿಟ್ಟಾಗ ಒಂದು ಸಲವಾದ್ರೂ ನೋಡಿದೀಯೇನೇ?"

ನೋಡಿರಲಿಲ್ಲ. ಪಕ್ಕದಲ್ಲೇ ಕೂತು ನನ್ನ ಅಂಚು ನೋಡ್ಕೊಂಡಿದ್ದೆ.

ಬ್ಲಾಂದೀನ್ ಒಂದು ಖಾಲಿ ಕೊಂಡಿ ತಂದು ಅವನ ಮುಂದಿಟ್ಟಳು. "ಎಳಿ."

ಮೊಣಕಾಲ ಮೇಲಿದ್ದ ಅವನ ಕೈ ಎಲ್ಲರೆದುರೇ ನಡುಗ್ತಿತ್ತು. ಕಡ್ಡಿ ಎತ್ತಿಕೊಂಡ. ಕಾಗದ ಉಕ್ಕಿಗೆ ತಾಗಿದ್ದೇ ನಡುಕ ನಿಂತುಹೋಯಿತು. ಒಂದೇ ಎಳೆತ. ಕಡ್ಡಿ ಕೆಳಗಿಟ್ಟು ಕೈ ಮೊಣಕಾಲಿಗೆ ಬಂದದ್ದೇ ಮತ್ತೆ ಶುರುವಾಯಿತು.

ಬ್ಲಾಂದೀನ್ ಕೊಂಡಿ ನೋಡಿ ತಲೆಯಾಡಿಸಿದಳು. "ನೀನು ಇಲ್ಲೇ ಇರ್ತೀಯ," ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಇನ್ನೊಬ್ಬರ ಗೆರೆ ಮುಟ್ಟಿದವರನ್ನ ಇಲ್ಲಿ ಕೂರಿಸೋಕಾಗಲ್ಲ ಲ್ಯುಸೆತ್. ನಾಳೆಯಿಂದ ನೀನು ಪೆಟ್ಟಿಗೆ ಕಟ್ಟೋ ವಿಭಾಗಕ್ಕೆ."

ಜಗಳಕ್ಕೆ ಬಾಯಿ ತೆರೆದೆ. ಆಮೇಲೆ ನನ್ನ ಡ್ರಾಯರ್ ಎಳೆದು, ಹೊಳಪಿನ ಬಟ್ಟೆಗಳನ್ನ ಮಡಚಿಡೋಕೆ ಶುರು ಮಾಡಿದೆ.

ಸಂಜೆ ಊಟಕ್ಕೆ ಕೂತಾಗ ಕೇಳಿದೆ, "ಇನ್ನು ನಿನ್ನ ಪಕ್ಕ ಯಾರನ್ನ ಕೂರಿಸ್ತಾರೋ?"

"ಸುಮ್ಮನೆ ಕೂರೋರನ್ನ," ಅಂದ.

ನಗು ಬಂತು, ಅಳುವೂ ಬಂತು. ಬ್ರೆಡ್ಡಿನ ಪಕ್ಕ ಅವನ ಕೈ ನಡುಗ್ತಾನೇ ಇತ್ತು. ನಾನು ನೋಡ್ತಾ ಕೂತೆ. ಈ ಸಲ ಅವನು ಅದನ್ನ ಎಳ್ಕೊಳ್ಳಲಿಲ್ಲ.