ಗಂಟಿನ ಪಾಲಿನ ಸಕ್ಕರೆ

ಎಂಬತ್ಮೂರನೇ ಇಸವಿ. ಸೀಗಿ ಹುಣ್ಣಿಮೆ ಕಳೆದು ಚಳಿ ಹಿಡಿಯುವ ಕಾಲ, ಹೊತ್ತು ಹುಟ್ಟುವ ಮುಂಚಿನ ನಸುಕು. ವಾಡಿ ಸ್ಟೇಷನ್ನಿನಲ್ಲಿ ಉಗಿ ಇಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದ ಫಾಯರ್‌ಮನ್ ಸಂಗಣ್ಣನ ಬಲಗೈಯಿಂದ ಸಲಿಕೆ ತಾನಾಗಿ ಜಾರಿಬಿತ್ತು. ಎತ್ತಿಕೊಳ್ಳಲು ಹೋದರೆ ಬೆರಳು ಮಾತು ಕೇಳಲಿಲ್ಲ.

ತಲೆನೋವೂ ಸೇರಿಕೊಂಡಾಗ ಹೆಂಡತಿ ಮಹಾದೇವಮ್ಮ ಅವನನ್ನು ಹೈದರಾಬಾದಿನ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದಳು. ಅಲ್ಲಿ ರಕ್ತಕ್ಕೆ ಒಂದು ಔಷಧ ಚುಚ್ಚಿದರು. ತಲೆಯ ಮೇಲೆ ಮಷೀನು ಹಿಂದಕ್ಕೂ ಮುಂದಕ್ಕೂ ಸರಿದಾಡಿ, ಔಷಧ ಎಲ್ಲೆಲ್ಲಿ ನಿಂತಿದೆಯೆಂದು ಕಾಗದದ ಮೇಲೆ ಚುಕ್ಕಿ ಇಟ್ಟಿತು. ಎಡಗಡೆ ಒಂದು ಕಡೆ ಚುಕ್ಕಿಗಳು ಇರುವೆ ಮುತ್ತಿದ ಹಾಗೆ ಕೂತಿದ್ದವು. ಡಾಕ್ಟರು ಹೇಳಿದ್ದನ್ನು ಶಹಾಬಾದ ಕಡೆಯ ಕಂಪೌಂಡರ್ ಖಾಜಾ ಕನ್ನಡದಲ್ಲಿ ಬಿಡಿಸಿ ಹೇಳಿದ.

"ತಲ್ಯಾಗ ಗಂಟು ಅದ, ಅವ್ವಾ. ಭಾಳ ಒಳಗ ಅದ, ಕೊಯ್ಲಿಕ್ಕೆ ಬರಂಗಿಲ್ಲ. ಇಂಥಾ ಗಂಟು ಹಸಿದಿರ್ತದಂತ, ರಕ್ತದಾಗಿನ ಸಕ್ಕರಿ ಹೆಚ್ಚಿಗಿ ಎಳಕೋತದಂತ. ಹೊರದೇಶದಾಗ ಸಕ್ಕರಿಗೇ ಔಷಧ ಹಚ್ಚಿ ಒಳಗ ಬಿಟ್ಟು, ಗಂಟು ಎಷ್ಟು ತಿಂತದ ಅಂತ ಚಿತ್ರ ತೆಗೀಲಿಕತ್ತಾರಂತ. ಆ ಮಷೀನು ನಮ್ಮ ಕಡಿ ಇನ್ನಾ ಬಂದಿಲ್ಲ."

ಮಹಾದೇವಮ್ಮನ ಕಿವಿಯಲ್ಲಿ ಉಳಿದದ್ದು ಒಂದೇ ಮಾತು. ಗಂಟು ಸಕ್ಕರೆ ತಿನ್ನುತ್ತದೆ. ಸಕ್ಕರೆ ಬಿಡಿಸಿಬಿಟ್ಟರೆ ಅದು ಹಸಿದು ಸಾಯುತ್ತದೆ, ಗಂಡ ಉಳಿಯುತ್ತಾನೆ. ಮನೆಗೆ ಬಂದವಳೇ ಸಕ್ಕರೆ, ಬೆಲ್ಲದ ಡಬ್ಬಿಗಳನ್ನು ಪಕ್ಕದ ಮನೆಯ ಸರ್ವರಬೇಗಂಗೆ ಕೊಟ್ಟುಬಿಟ್ಟಳು. ಅಂದಿನಿಂದ ಸಂಗಣ್ಣನಿಗೆ ಸಪ್ಪನೆಯ ಚಾ, ರೊಟ್ಟಿಯೂ ಅರ್ಧ. ಅವನು ಸೊರಗುತ್ತ ಹೋದ.

ಎಳ್ಳಮವಾಸ್ಯೆಗೆ ಅವನ ಅಕ್ಕ ಗುಂಡಮ್ಮ ತೆಂಗಳಿಯಿಂದ ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಳು. ಮಹಾದೇವಮ್ಮ ಬುತ್ತಿ ಬಿಚ್ಚಗೊಡಲಿಲ್ಲ.

"ಏನವ್ವಾ ತಂಗಿ, ನನ್ನ ತಮ್ಮಗ ಹೋಳಿಗಿನೂ ತುಟ್ಟಿ ಆತೇನು ನಿನ್ನ ಮನ್ಯಾಗ?"

"ಅವರು ತಿಂದದ್ದೆಲ್ಲಾ ಅದೇ ತಿಂತದ್ರಿ, ಅಕ್ಕಾ."

ಗೋಡೆಗೆ ಒರಗಿದ್ದ ಸಂಗಣ್ಣ ನಕ್ಕ. ಈಚೆಗೆ ಅವನ ಮಾತು ತಡೆತಡೆದು ಬರುತ್ತಿತ್ತು.

"ಮಾದೇವಿ, ಬೆಂಕಿ ಆರಸ್ಬೇಕಂತ ಇಂಜಿನ್‌ಗೆ ಕಲ್ಲಿದ್ದಲು ಬಂದ್ ಮಾಡೀದಿ. ಬೆಂಕಿ ಆರ್ತದ, ಖರೆ. ಗಾಡಿ... ಗಾಡಿ ನಡೀತದೇನು?"

ಅವಳು ಅವನ ತೋಳು ನೋಡಿದಳು. ಸಲಿಕೆ ಹಿಡಿದ ಆ ತೋಳು ಈಗ ಕೋಲಿನಂತೆ ಆಗಿತ್ತು. ಗಂಟನ್ನಲ್ಲ, ಇವನನ್ನೇ ತಾನು ಉಪವಾಸ ಕೆಡವಿದ್ದಳು.

"ಹಂಗಾದ್ರ ನಾ ಏನ್ ಮಾಡ್ಲಿರಿ?" ಎಂದಳು.

"ತುಪ್ಪ ಹಾಕು."

ಬುತ್ತಿ ಬಿಚ್ಚಿ, ಹೋಳಿಗೆಗೆ ತುಪ್ಪ ಹಾಕಿ, ಚೂರು ಚೂರು ಮುರಿದು ಅವಳೇ ತಿನ್ನಿಸಿದಳು. ಅವನು ಕಣ್ಣು ಮುಚ್ಚಿ ಅಗಿದ. ಗುಂಡಮ್ಮ ಆ ಕಡೆ ತಿರುಗಿ ಕೂತಳು. ಮರುದಿನದಿಂದ ಅವನು ಬೇಡಿದ್ದನ್ನೆಲ್ಲ ಮಹಾದೇವಮ್ಮ ಮಾಡಿ ಹಾಕಿದಳು. ಗಂಟಿಗಿಷ್ಟು, ಗಂಡನಿಗಿಷ್ಟು ಎಂದು ಪಾಲು ಮಾಡುವುದು ತನ್ನಿಂದ ಆಗದ ಕೆಲಸವೆಂದು ಕೈಬಿಟ್ಟಳು.

ಶಿವರಾತ್ರಿಯ ಮರುದಿನ, ಗುರುವಾರ, ಸಂಗಣ್ಣ ಹೋದ.