ಅರ್ಧ ಹೆಸರು

ಫೇರೋಗಳ ನಾಡಿನ ಥೀಬ್ಸ್‌ನ ಕಲ್ಲುಕುಟಿಗ ಕೆನ್ನನಿಗೆ ಮನೆಮಂದಿಗಿಂತ ಕಲ್ಲೇ ಹೆಚ್ಚು ಎಂದು ಕೇರಿಯವರು ಆಡಿಕೊಳ್ಳುತ್ತಿದ್ದರು. ಆಡುವ ಬಾಯಿಗೇನು ಗೊತ್ತು? ಅವನಿಗಿದ್ದವಳು ಒಬ್ಬಳೇ ಮಗಳು, ಮುತ್‌ನೊಫ್ರೆತ್. ಜ್ವರ ಬಂದು ತೀರಿಹೋದ ಮೇಲೆ ಅವಳು ಇದ್ದದ್ದೇ ಆ ಕಲ್ಲಿನಲ್ಲಿ.

ಮುತ್ ದೇವಿಯ ಗುಡಿಬಾಗಿಲಿಗೆ ಅವನು ಕೊರೆದ ಸ್ತೋತ್ರ ಅದು. ಅಡ್ಡಕ್ಕೆ ಓದಿದರೆ ಒಂದು ಹಾಡು, ಮೇಲಿಂದ ಕೆಳಕ್ಕೆ ಓದಿದರೆ ಇನ್ನೊಂದು. ಕೆಳಕ್ಕಿಳಿಯುವ ಕೊನೆಯ ಸಾಲಿನಲ್ಲಿ ಮಗಳ ಹೆಸರು. ದೇವಿಯನ್ನು ಹೊಗಳಿದವರೆಲ್ಲ ಮಗಳನ್ನೂ ಕರೆದಂತಾಗಲಿ ಎಂಬುದು ಅವನ ಉಪಾಯ. ಹೆಸರು ಹಿಡಿದು ಕರೆಯುವವರಿರುವ ತನಕ ಸತ್ತವರು ಆಚೆ ಲೋಕದಲ್ಲಿ ಉಂಡುಕೊಂಡಿರುತ್ತಾರೆ. ಹೆಸರು ಅಳಿದರೆ ಅದು ಎರಡನೆಯ ಸಾವು, ಅದಕ್ಕೆ ಮದ್ದಿಲ್ಲ.

ಆಗ ದೊರೆಯ ಅಪ್ಪಣೆ ಬಂತು: ಸೂರ್ಯನೊಬ್ಬನೇ ದೇವರು, ಮಿಕ್ಕವರ ಹೆಸರು ಕೆತ್ತಿ ತೆಗೆಯಿರಿ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಬಂದ ಆಳುಗಳಿಗೆ ಓದು ಬರದು. ಮುತ್ ಎಂದರೆ ರಣಹದ್ದಿನ ಚಿತ್ರ ಎಂದಷ್ಟೇ ಹೇಳಿಕೊಟ್ಟಿದ್ದರು. ಹದ್ದು ಕಂಡಲ್ಲೆಲ್ಲ ಉಳಿ ಇಡುತ್ತಿದ್ದರು. ಮಗಳ ಹೆಸರು ಶುರುವಾಗುವುದೂ ಅದೇ ಹದ್ದಿನಿಂದ.

"ಅಣ್ಣಾ, ಆ ಮೂಲೇದು ದೇವಿಯಲ್ಲ, ನನ್ನ ಮಗಳ ಹೆಸರು. ಅದೊಂದು ಬಿಟ್ಬಿಡು," ಎಂದು ಕೆನ್ನ ಅವರ ಮೇಸ್ತ್ರಿ ಸೂತಿಯ ಕಾಲು ಹಿಡಿದ.

"ಮಗಳಾ? ಹದ್ದಿನ ಹಾಗೇ ಇದ್ದಾಳಲ್ಲೋ!" ಎಂದು ಆಳೊಬ್ಬ ಕಿಸಕ್ಕನೆ ನಕ್ಕ.

ಸೂತಿ ನಗಲಿಲ್ಲ. "ಒಂದು ಹದ್ದು ಉಳಿದ್ರೂ ನನ್ನ ಮೂಗು ಕುಯ್ತಾರೆ ಕಣಯ್ಯಾ. ನನಗೂ ಮಕ್ಕಳಿದ್ದಾರೆ. ಏಳು, ಕಾಲು ಬಿಡು."

ಕೆನ್ನನ ಕಣ್ಣೆದುರೇ ಹದ್ದು ಪುಡಿಯಾಗಿ ಉದುರಿತು. ಉಳಿದದ್ದು ಬರೀ ನೊಫ್ರೆತ್. ಕೇರಿಗೊಬ್ಬಳು ನೊಫ್ರೆತ್ ಇದ್ದಾಳೆ. ಕರೆದದ್ದು ತನ್ನನ್ನೇ ಎಂದು ಆ ಮಗುವಿಗೆ ತಿಳಿಯುವುದು ಹೇಗೆ? ಕೆನ್ನ ಕೈ ಎತ್ತಲಿಲ್ಲ. ಸುತ್ತ ಈಟಿ ಹಿಡಿದವರಿದ್ದರು.

ಮನೆಗೆ ಬಂದರೆ ಹೆಂಡತಿ ತಖಾತ್ ದಿನದಂತೆ ಗೋಡೆಯ ಗೂಡಿನ ಮುಂದೆ ರೊಟ್ಟಿ, ಬಾರ್ಲಿ ಹೆಂಡ ಎಡೆ ಇಟ್ಟು, ಮಗಳನ್ನು ಕೂಗಲು ಬಾಯಿ ತೆರೆದಿದ್ದಳು. ಕೆನ್ನ ಓಡಿಹೋಗಿ ಅವಳ ಬಾಯಿ ಮುಚ್ಚಿದ.

"ಬೀದೀಲೇ ಇದ್ದಾರೆ ಕಣೇ. ದೇವಿ ಹೆಸರು ಬಾಯಲ್ಲಿ ಬಂದ್ರೂ ಎಳ್ಕೊಂಡು ಹೋಗ್ತಾರೆ. ಮನಸ್ಸಲ್ಲೇ ಕರಿ."

ತಖಾತ್ ಅವನ ಕೈ ಸರಿಸಿದಳು. "ಮನಸ್ಸಲ್ಲೇ ಕರೆದ್ರೆ ಅವಳಿಗೆ ಕೇಳಿಸುತ್ತೇನ್ರೀ?"

ಕೆನ್ನ ಬಾಗಿಲ ಅಗುಳಿ ಹಾಕಿ ಬಂದ. ಇಬ್ಬರೂ ತುಟಿ ಬಿಗಿದು ಎಡೆಯ ಮುಂದೆ ಕೂತರು. ಹೊರಗೆ ಹೆಜ್ಜೆ ಸದ್ದು ನಿಲ್ಲಲಿಲ್ಲ, ರೊಟ್ಟಿ ಒಣಗಿತು. ಆ ದಿನ ಮಗಳನ್ನು ಯಾರೂ ಊಟಕ್ಕೆ ಕರೆಯಲಿಲ್ಲ.