ಕೋಳಿಗಳು ಬರುವ ಮೊದಲು

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಜನ ನಗುವುದುಂಟು. ಕೋಳಿಯ ವಿಷಯದಲ್ಲಿ ಮಾತ್ರ ಕುಲಾವಿಯೇ ಮೊದಲಾಗಬೇಕು. ಗೂಡಿಲ್ಲದೆ ಕೋಳಿ ತಂದರೆ ಬೆಳಗಾಗುವಷ್ಟರಲ್ಲಿ ಪುಕ್ಕ ಗುಡಿಸುವ ಕೆಲಸ ಒಂದೇ ಉಳಿಯುತ್ತದೆ. ಹಾಗೆಂದು ಅವಳನ್ನು ಹೆದರಿಸಿದವಳು ಗಂಡನ ಅಕ್ಕ. ದಿನಕ್ಕೊಂದು ಪ್ರಾಣಿಯನ್ನು ಫೋನಿನಲ್ಲೇ ಪರಿಚಯ ಮಾಡಿಸುತ್ತಿದ್ದಳು: ಮುಂಗುಸಿ, ಹಾವು, ಬೀದಿನಾಯಿ, ಹದ್ದು.

"ಕೋಳಿ ಸಾಕೋದಂದ್ರೆ ಕೋಳಿ ನೋಡ್ಕೊಳ್ಳೋದಲ್ಲ ಕಣಮ್ಮ, ಕೋಳಿ ತಿನ್ನೋರನ್ನ ನೋಡ್ಕೊಳ್ಳೋದು."

ಈ ಮಾತು ಬಿದ್ದದ್ದು ಯಾರ ಕಿವಿಗೆ ಎಂದರೆ, ಗಾಳಿಗೆ ಕಿಟಕಿ ಬಡಿದರೂ ಎದೆ ಹಿಡಿದುಕೊಳ್ಳುವವಳ ಕಿವಿಗೆ. ಅವಳು ಮನೆಯಲ್ಲೇ ಬಟ್ಟೆ ಹೊಲಿಯುವ ದರ್ಜಿ. ಗಂಡ ಬೀಗ ರಿಪೇರಿಯವನು. ಇಬ್ಬರಿಗೂ ಕೋಳಿ ಹೊಸದು. ಹಿತ್ತಲಲ್ಲಿ ಮರದ ಗೂಡು ಎದ್ದಿತು, ಒಳಗೆ ಕೂರಲು ಅಡ್ಡಕೋಲು, ಮೊಟ್ಟೆಯಿಡಲು ಹುಲ್ಲಿನ ಪೆಟ್ಟಿಗೆ. ಗೂಡಿನ ಮುಂದೆ ಕೋಳಿಗಳು ಓಡಾಡಲು ಆಳೆತ್ತರದ ಬಲೆಯ ಆವರಣ. ಹಾವಿಗೆ ಹೆದರಿ ಬೆರಳು ತೂರದಷ್ಟು ಸಣ್ಣ ಕಣ್ಣಿನ ತಂತಿ ಬಲೆಯನ್ನೇ ತರಿಸಿದಳು. ನಾಯಿ ಕೆರೆದೀತೆಂದು ಬಲೆಯ ಅಂಚನ್ನು ಮಣ್ಣಿನೊಳಗೆ ಹೂಳಿಸಿದಳು. ಹದ್ದಿಗೆಂದು ಮೇಲೂ ಬಲೆ.

"ಬಾಗಿಲು ಹಾಕೋದು ನಾನು ಮರೆತ್ರೂ ಅದು ಮರೀಬಾರ್ದು ರೀ," ಎಂದು ಗಂಡನ ಬೆನ್ನು ಬಿದ್ದಳು.

ಅವನಿಗೋ ಕಸುಬು ತೋರಿಸಲು ಅದೇ ಸಂದರ್ಭ. ಬಾಗಿಲಿಗೆ ಸ್ಪ್ರಿಂಗ್ ಕೂರಿಸಿದ, ತಾನಾಗಿ ಬೀಳುವ ಚಿಲಕ ಇಟ್ಟ, ಯಾವ ಪಂಜವೂ ಅದನ್ನು ಎತ್ತಬಾರದೆಂದು ಸುತ್ತ ತಗಡು ಹೊಡೆದ. ಬೀಗ ತೆಗೆಯುವುದೇ ಹೊಟ್ಟೆಪಾಡಾದ ಮನುಷ್ಯನಿಗೆ ಒಳಗಿನಿಂದಲೂ ಒಂದು ಹಿಡಿ ಬೇಕೆಂದು ಹೊಳೆಯಲಿಲ್ಲ. ಕೋಳಿಗೆ ಹಿಡಿ ಯಾಕೆ ಹೇಳಿ.

ಅವನು ಕೋಳಿ ತರಲು ಹೋದ ಮಧ್ಯಾಹ್ನ, ಮಗಳು ಒಳಗೆ ಮಲಗಿದ್ದಳು. ಆವರಣದೊಳಗಿನ ಕಂಬದ ಬುಡಕ್ಕೆ ಹಾಕಿದ್ದ ಸಿಮೆಂಟಿಗೆ ನೀರುಣಿಸಬೇಕಿತ್ತು. ಹಿತ್ತಲಿನ ನೆಲದೊಳಗಿನ ನೀರಿನ ತೊಟ್ಟಿಯ ಮುಚ್ಚಳ ಸರಿಸಿ ತಾಯಿ ಒಂದು ಬಕೆಟ್ ಸೇದಿದಳು. ಇನ್ನೊಂದು ಬೇಕಾಗುತ್ತದಲ್ಲ ಎಂದು ಮುಚ್ಚಳವನ್ನು ಹಾಗೇ ಬಿಟ್ಟು ಆವರಣದೊಳಗೆ ಹೋದಳು. ಹಿಂದಿನಿಂದ ಬಾಗಿಲು ಬಂದು ಟಕ್ಕೆಂದು ಕೂತಿತು.

ಮೊದಲು ಅವಳಿಗೆ ನಗುವೇ ಬಂತು. ತಳ್ಳಿದಳು, ಎಳೆದಳು, ಬಲೆಯಲ್ಲಿ ಬೆರಳು ತೂರಿಸಲು ನೋಡಿದಳು. ವಾರವಿಡೀ ನಿಂತು ಮಾಡಿಸಿದ ಕೆಲಸ ಎಲ್ಲೂ ಒಂದು ಕೂದಲಷ್ಟೂ ಜಗ್ಗಲಿಲ್ಲ. ಇರಲಿ, ಅವರು ಬರುವವರೆಗೆ ಕೂತಿದ್ದರಾಯಿತು ಎಂದುಕೊಂಡಳು.

ಆಗ ಒಳಗೆ ಹೊಲಿಗೆ ಯಂತ್ರದ ಮೇಲಿದ್ದ ಫೋನು ಬಡಿದುಕೊಳ್ಳತೊಡಗಿತು. ನಿಂತಿತು. ಮತ್ತೆ ಬಡಿಯಿತು. ಅದು ನಿಂತ ಮೇಲೆ ಮಗಳ ಅಳು ಕೇಳಿಸಿತು, ಆಮೇಲೆ ಅಳು ನಿಂತಿತು, ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ಮಗಳೇ ನಿಂತಿದ್ದಳು. ಎರಡು ವರ್ಷ ತುಂಬದ ಜೀವ. ಅವಳಿಗೂ ಬಲೆಗೂ ನಡುವೆ ಬಾಯಿ ತೆರೆದ ತೊಟ್ಟಿ.

"ಪುಟ್ಟೀ, ನಿಲ್ಲು!"

ಅದೇ ತಪ್ಪಾಯಿತು. ಸ್ನಾನಕ್ಕೆ ಕೂಗಿದರೂ ಊಟಕ್ಕೆ ಕೂಗಿದರೂ ಓಡುವುದು ಆ ಮಗುವಿನ ಆಟ. ಕಿಲಕಿಲ ನಗುತ್ತ ನೇರ ತೊಟ್ಟಿಯತ್ತಲೇ ಓಡಿತು, ಅಂಚಿನಲ್ಲಿ ನಿಂತು ಒಂದು ಕಲ್ಲನ್ನು ಒಳಗೆ ಬಿಟ್ಟಿತು. ಗುಳುಂ. ಬಗ್ಗಿ ನೋಡಿತು.

ಪಕ್ಕದ ಮನೆಯವರು ಕೆಲಸಕ್ಕೆ ಹೋಗಿದ್ದರು. ಬೀದಿಯಲ್ಲಿ ಯಾರೋ ಆಗಷ್ಟೇ ಕಲ್ಲು ಕೊಯ್ಯುವ ಯಂತ್ರ ಶುರು ಮಾಡಿದ್ದರು. ಕೂಗಿದರೆ ಕೇಳುವುದು ಮಗುವಿಗೆ ಮಾತ್ರ, ಕೇಳಿದರೆ ಅದು ಓಡುತ್ತದೆ. ಮುಂಗುಸಿಯಿಂದ ಹದ್ದಿನವರೆಗೆ ಎಲ್ಲರ ಭಯವನ್ನೂ ಬರಮಾಡಿಕೊಂಡಿದ್ದ ಮನೆಯಲ್ಲಿ ಈ ಒಂದು ಭಯಕ್ಕೆ ಜಾಗವಿಟ್ಟವರಿರಲಿಲ್ಲ.

ಅವಳು ಗಂಟಲಿಗೆ ಬಂದ ಕೂಗನ್ನು ನುಂಗಿಕೊಂಡಳು. ನೆಲಕ್ಕೆ ಕುಕ್ಕುರುಗಾಲಲ್ಲಿ ಕೂತು, ಮೊಣಕೈಗಳನ್ನು ರೆಕ್ಕೆ ಮಾಡಿ, "ಕೊಕ್ಕೊಕ್ಕೋ," ಎಂದಳು.

ಮಗು ತಿರುಗಿತು. ವಾರದಿಂದ ಕೋಳಿ ಬರುತ್ತದೆ ಎಂದು ಕೇಳಿದ್ದ ಮಗು. ತಾಯಿ ಮಣ್ಣು ಕೆದರಿದಳು, ಮೂಗಿನಿಂದ ನೆಲ ಕುಕ್ಕಿದಳು, ಮತ್ತೆ ಕೊಕ್ಕೊಕ್ಕೋ ಎಂದಳು. ಮಗು ಬಲೆಯ ಹತ್ತಿರ ಬಂತು. ಕೊರಳಲ್ಲಿದ್ದ ಅಳತೆಯ ಟೇಪಿನ ತುದಿಯನ್ನು ಸಪೂರಾಗಿ ಮಡಚಿ ಬಲೆಯ ಕಣ್ಣಿನಿಂದ ಹೊರಗೆ ತೂರಿಸಿದಳು.

"ಹುಳ ನೋಡು ಚಿನ್ನ, ಹುಳ. ಹಿಡ್ಕೊ. ಬಿಡ್ಬೇಡ."

ಮಗು ಹಿಡಿದು ಜಗ್ಗಿತು. ಇವಳೂ ಜಗ್ಗಿದಳು. ಹಗ್ಗದಂತೆ ಆ ಟೇಪು ಬಿಗಿದಿದ್ದಷ್ಟು ಹೊತ್ತು ಅವಳಿಗೆ ಉಸಿರಾಡಲು ಆಯಿತು. ಆದರೆ ಬೆವರಿದ ಕೈ. ಟೇಪು ಜಾರಿತು, ಪೂರ್ತಿ ಹೊರಗೆ ಹೋಯಿತು. ಗೆದ್ದ ಖುಷಿಯಲ್ಲಿ ಮಗು ಹುಳುವನ್ನು ಎಳೆದುಕೊಂಡು ಮತ್ತೆ ತೊಟ್ಟಿಗೆ ಹೋಯಿತು. ಅಂಚಿನಲ್ಲಿ ಕೂತು ಅದನ್ನು ನೀರಿಗೆ ಇಳಿಬಿಡತೊಡಗಿತು.

ಕೊಕ್ಕೊಕ್ಕೋ ಎಂದಳು. ಮಗು ತಿರುಗಲಿಲ್ಲ. ಇನ್ನೂ ಜೋರಾಗಿ ಎಂದಳು. ಮಗು ಮತ್ತಷ್ಟು ಬಗ್ಗಿತು.

ಇನ್ನೊಂದೇ ಉಪಾಯ ಉಳಿದಿತ್ತು. ಅದಕ್ಕೆ ಮಗುವಿನ ಮೇಲಿನ ಕಣ್ಣು ತೆಗೆಯಬೇಕು. ಅವಳು ಸುಮ್ಮನಾದಳು. ಮೈ ಕುಗ್ಗಿಸಿ ಕೋಳಿಗೂಡಿನ ಸಣ್ಣ ಬಾಗಿಲೊಳಗೆ ತೂರಿ, ಕಾಲು ಒಳಗೆಳೆದುಕೊಂಡು ಕಾಣದಾದಳು.

ಕತ್ತಲೆಯಲ್ಲಿ ಹೊಸ ಹಲಗೆಯ ವಾಸನೆ. ಬೀದಿಯ ಯಂತ್ರ ಅದೇ ಹೊತ್ತಿಗೆ ನಿಲ್ಲಬೇಕೇ. ಈಗ ಕೂಗಿದರೆ ಬೀದಿಗೂ ಕೇಳೀತು, ಆದರೆ ಅದಕ್ಕೂ ಮೊದಲು ಮಗು ಓಡೀತು. ಮೈಯೆಲ್ಲ ಕಿವಿಯಾಗಿ, ಬಾಯಿಗೆ ಕೈ ಒತ್ತಿಕೊಂಡು ಕೂತಳು. ಗುಳುಂ ಎಂಬ ಸದ್ದು ಬಂದರೆ ಅದು ಕಲ್ಲಿನದೋ ಮಗುವಿನದೋ ಎಂದು ಗುರುತಿಸುವುದು ಹೇಗೆ? ಯಾವ ಸದ್ದೂ ಬರಲಿಲ್ಲ. ಸದ್ದಿಲ್ಲದೆಯೂ ಮಕ್ಕಳು ಮುಳುಗುತ್ತವೆ ಎಂದು ನೆನಪಾಯಿತು. ಹೊರಗೆ ಹೋಗಿ ನೋಡಲೇ? ನೋಡಿದರೆ ಆಟ ಕೆಡುತ್ತದೆ. ನೋಡದಿದ್ದರೆ?

ಹೊರಗೆ ಏನೋ ಸರಸರ ಎಳೆದ ಸದ್ದು.

"ಕೋಳಿ ಎಲ್ಲಿ?"

ದನಿ ಬಲೆಗೆ ಅಂಟಿಕೊಂಡೇ ಇತ್ತು. ಅವಳು ಗೂಡಿನಿಂದ ಮೂಗು ಹೊರಹಾಕಿ ಮತ್ತೆ ಅಡಗಿದಳು. ಮಗು ನಕ್ಕಿತು. ಮತ್ತೆ ಹೊರಗೆ, ಮತ್ತೆ ಒಳಗೆ. ಮೊಣಕಾಲು ತರಚಿ ರಕ್ತ ಬಂದರೂ ಆಟ ನಿಲ್ಲಿಸಲಿಲ್ಲ.

ಗಂಡ ಕೋಳಿಗಳ ಬುಟ್ಟಿ ಹೊತ್ತು ಬಂದಾಗ ಕಂಡದ್ದು ಇದೇ. ಹೊಟ್ಟೆ ಹಿಡಿದುಕೊಂಡು ನಕ್ಕ.

"ನಾನು ತರೋಕ್ಮುಂಚೇನೇ ಒಂದು ಬಂದ್ಬಿಟ್ಟಿದೆಯಲ್ಲೇ."

"ನಗಬೇಡಿ," ಎಂದಳು ಮೆಲ್ಲಗೆ, ಮಗು ಬೆಚ್ಚದಷ್ಟು ಮೆಲ್ಲಗೆ. "ಮೊದ್ಲು ಮಗೂನ ಎತ್ಕೊಳ್ಳಿ."

ಎತ್ತಿಕೊಂಡು ತಿರುಗಿದವನಿಗೆ ತೊಟ್ಟಿ ಕಂಡಿತು. ಊರಿನ ಬೀಗಗಳನ್ನೆಲ್ಲ ತೆರೆದ ಕೈಗೆ ತಾನೇ ಮಾಡಿದ ಚಿಲಕ ಎತ್ತಲು ಮೂರು ಸಲ ಬೇಕಾಯಿತು.

ಹೊರಬಂದವಳು ಮಗುವನ್ನು ಮುಟ್ಟಲಿಲ್ಲ. ಸೀದಾ ಹೋಗಿ ಮುಚ್ಚಳ ಎಳೆದು ಅದರ ಮೇಲೆ ಕೂತಳು. ಮಗು ಅಪ್ಪನ ತೋಳಿಂದ ಜಾರಿ ಅವಳ ಹತ್ತಿರ ಬಂತು.

"ಅಮ್ಮ, ಕೊಕ್ಕೊ ಮಾಡು."

ಅವಳು ಬಾಯಿ ತೆರೆದಳು. ಅಷ್ಟು ಹೊತ್ತು ನುಂಗಿಕೊಂಡಿದ್ದ ಕೂಗು ಆಗ ಹೊರಬಂತು. ಬುಟ್ಟಿಯೊಳಗಿನ ಕೋಳಿಗಳು ರೆಕ್ಕೆ ಬಡಿದವು, ಗಂಡ ಮುಖ ಮುಚ್ಚಿಕೊಂಡ. ಮಗು ಮಾತ್ರ ಆಟವೆಂದುಕೊಂಡು, ನಗುತ್ತ ಹಿತ್ತಲೆಲ್ಲ ಓಡತೊಡಗಿತು. ಓಡಲಿ ಎಂದು ಬಿಟ್ಟು, ಅವಳು ಆ ಮುಚ್ಚಳದಿಂದ ಏಳಲಿಲ್ಲ.